ರೊಟ್ಟಿಗಿಂತ ಮೊದಲು ಸವತಿಕಾಯಿ

ಕಳೆದ ಜೂನ್ ತಿಂಗಳಿನಿಂದ ನಾನೊಂದು ಹೊಸ ವಹಿ ಬರೆಯುತ್ತಿದ್ದೇನೆ. ವಿಜಯಪುರದಲ್ಲಿ ಕಿರಾಣಿ ಅಂಗಡಿಯವರಿಗೆ, ಒಣದ್ರಾಕ್ಷಿ ವ್ಯಾಪಾರಿಗಳಿಗೆ ಲೆಕ್ಕ ಬರೆದುಕೊಡುವುದು ನನ್ನ ಕಸುಬಾದ್ದರಿಂದ ವಹಿ ಬರೆಯುವುದು ನನಗೆ ಹೊಸದಲ್ಲ. ಆದರೆ ಈ ವಹಿಯ ಜಮಾ ಬದಿಗೆ ಬರುವುದು ರೂಪಾಯಿಯಲ್ಲ, ನಾನು ದಿನವಿಡೀ ತಿಂದದ್ದರ ಕ್ಯಾಲೊರಿ. ತೂಕ ಇಳಿಸಲು ಯಾವ ಹಣ್ಣು, ಯಾವ ಕಾಯಿಪಲ್ಲೆ ತಿನ್ನಬೇಕು ಎಂದು ಗೆಳೆಯರು ಕೇಳುತ್ತಲೇ ಇರುತ್ತಾರೆ. ಪ್ರತಿಸಲವೂ ಬಾಯಿಂದ ಹೇಳುವುದಕ್ಕಿಂತ ಒಂಬತ್ತು ತಿಂಗಳ ಲೆಕ್ಕವನ್ನು ಒಮ್ಮೆ ಇಲ್ಲಿ ಬರೆದಿಡುವುದು ಒಳ್ಳೆಯದೆನಿಸಿತು. ನಾನು ವೈದ್ಯನಲ್ಲ, ಆಹಾರ ತಜ್ಞನೂ ಅಲ್ಲ. ಲೆಕ್ಕದಲ್ಲಿ ಎಲ್ಲಿ ಸೋರಿಕೆಯಾಗುತ್ತಿದೆ ಎಂದು ಹುಡುಕುವುದಷ್ಟೇ ನನಗೆ ಗೊತ್ತಿರುವ ವಿದ್ಯೆ.

ಈ ವಹಿ ಶುರುವಾಗಲು ಕಾರಣ ಗೋಳಗುಮ್ಮಟ. ಮೇ ತಿಂಗಳ ರಜೆಗೆ ಬೆಂಗಳೂರಿನಿಂದ ಬಂದಿದ್ದ ತಂಗಿಯ ಮಗನನ್ನು ಕರೆದುಕೊಂಡು ಏಳು ಅಂತಸ್ತಿನ ಮೂಲೆಗೋಪುರದ ಇಕ್ಕಟ್ಟಾದ ಮೆಟ್ಟಿಲುಗಳನ್ನು ಹತ್ತುವಾಗ ನಾಲ್ಕನೆಯ ಅಂತಸ್ತಿನಲ್ಲಿಯೇ ಗೋಡೆ ಹಿಡಿದು ನಿಂತುಬಿಟ್ಟೆ. "ಮಾಮಾ, ನೀವು ಇಲ್ಲೇ ಕೂಡ್ರಿ, ನಾ ನೋಡಿ ಬರ್ತೀನಿ" ಎಂದು ಹುಡುಗ ಮೇಲೆ ಓಡಿದ. ನಾನೂ ಹೇಗೋ ಹತ್ತಿ ಮೇಲಿನ ಪಿಸುಮಾತಿನ ಗ್ಯಾಲರಿ ತಲುಪಿ ಕುಳಿತೆ. ಅಲ್ಲಿ ಒಂದು ಸದ್ದು ಏಳು ಸಲ ಮಾರ್ದನಿಸುತ್ತದೆ ಎಂದು ಹೇಳುತ್ತಾರೆ. ನನ್ನ ಏದುಸಿರು ಎಷ್ಟು ಸಲ ಮರಳಿ ಕೇಳಿಸಿತೆಂದು ನಾನು ಎಣಿಸಲಿಲ್ಲ.

ಆ ವಾರವೇ ವೈದ್ಯರಲ್ಲಿಗೆ ಹೋದೆ. ಎತ್ತರ 168 ಸೆಂಟಿಮೀಟರ್, ತೂಕ 86 ಕಿಲೋ, ಸೊಂಟದ ಸುತ್ತಳತೆ 104 ಸೆಂಟಿಮೀಟರ್. ತೂಕವನ್ನು ಕಿಲೋದಲ್ಲಿ ಹಿಡಿದು, ಮೀಟರಿನಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಅಂಕಿಗೆ ದೇಹತೂಕ ಸೂಚ್ಯಂಕ ಎನ್ನುತ್ತಾರೆ, ನನ್ನದು 30.5 ಬಂತು. ನಮ್ಮ ಜನರಲ್ಲಿ ಅಷ್ಟೇ ತೂಕಕ್ಕೆ ಹೊಟ್ಟೆಯ ಭಾಗದ ಕೊಬ್ಬು ಹೆಚ್ಚಿರುವುದರಿಂದಲೂ ಸಕ್ಕರೆ ಕಾಯಿಲೆ ಬೇಗ ಅಂಟಿಕೊಳ್ಳುವುದರಿಂದಲೂ ಭಾರತೀಯರಿಗೆ ಈ ಅಂಕಿ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು ಎಂದು ಲೆಕ್ಕ ಹಿಡಿಯಲಾಗುತ್ತದೆ. ಸೊಂಟದ ಮಿತಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್. ಎರಡೂ ಲೆಕ್ಕದಲ್ಲಿ ನನ್ನ ಖಾತೆ ಕೆಂಪು ಶಾಯಿಯಲ್ಲಿತ್ತು.

ಮೊದಲು ಮಾಡಿದ್ದು ಎಲ್ಲರೂ ಮಾಡುವ ತಪ್ಪನ್ನೇ. ಸಂಬಂಧಿಕರೊಬ್ಬರ ಮಾತು ಕೇಳಿ ರೊಟ್ಟಿ, ಅನ್ನ, ಬೇಳೆ, ಹಾಲು ಎಲ್ಲವನ್ನೂ ಬಿಟ್ಟು ಬರೀ ಸವತಿಕಾಯಿ, ಟೊಮ್ಯಾಟೊ, ಕಲ್ಲಂಗಡಿಯ ಮೇಲೆ ಎಂಟು ದಿನ ಕಳೆದೆ. ಆಮೇಲೆ ಲೆಕ್ಕ ಹಾಕಿ ನೋಡಿದರೆ ದಿನಕ್ಕೆ ಒಂದೂವರೆ ಕಿಲೋ ಸವತಿಕಾಯಿ, ಅರ್ಧ ಕಿಲೋ ಟೊಮ್ಯಾಟೊ, ಒಂದು ಕಿಲೋ ಕಲ್ಲಂಗಡಿ ಸೇರಿ 615 ಕ್ಯಾಲೊರಿಯ ಸುತ್ತಮುತ್ತ ಆಗಿತ್ತು. ದಿನಕ್ಕೆ 800 ಕ್ಯಾಲೊರಿಗಿಂತ ಕೆಳಗಿನ ಆಹಾರವನ್ನು ವೈದ್ಯರ ನಿಗಾ ಇಲ್ಲದೆ ಮಾಡಲೇಬಾರದು ಎಂಬುದು ನನಗೆ ಆಗ ಗೊತ್ತಿರಲಿಲ್ಲ. ಮೂರು ಕಿಲೋ ಇಳಿಯಿತು, ಆದರೆ ಅದರಲ್ಲಿ ಬಹುಪಾಲು ನೀರು. ಎಂಟನೆಯ ದಿನ ವ್ಯಾಪಾರಿಯೊಬ್ಬರ ಗಾದಿಯ ಮೇಲೆ ಕುಳಿತು ಖಾತೆ ತಾಳೆ ನೋಡುತ್ತಿದ್ದಾಗ ಕಣ್ಣು ಕತ್ತಲೆ ಬಂತು. ಅವರು ಗಾಬರಿಯಾಗಿ ಮುಂದಿಟ್ಟ ಅಮೀನಗಡದ ಕರದಂಟಿನಲ್ಲಿ ನಾಲ್ಕು ತುಂಡು ತಿಂದ ಮೇಲೆ ಜೀವ ಬಂತು, ಎರಡು ವಾರದೊಳಗೆ ಮೂರು ಕಿಲೋ ಕೂಡ ಬಂತು.

ಹೀಗೆ ಮುಖಭಂಗವಾದ ನಂತರ ಲೆಕ್ಕವನ್ನು ಬುಡದಿಂದ ಕಲಿಯಲು ಕುಳಿತೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಆಹಾರ ಸಂಯೋಜನೆಯ ಕೋಷ್ಟಕದಲ್ಲಿ ನಮ್ಮ ದೇಶದ 528 ಆಹಾರ ಪದಾರ್ಥಗಳ ವಿವರವಿದೆ. ಅದರಲ್ಲಿ ಶಕ್ತಿಯನ್ನು ಕ್ಯಾಲೊರಿಯಲ್ಲಿ ಕೊಡದೆ ಕಿಲೋಜೂಲಿನಲ್ಲಿ ಕೊಟ್ಟಿದ್ದಾರೆ, 4.184ರಿಂದ ಭಾಗಿಸಿಕೊಳ್ಳಬೇಕು. ಇದು ತಿಳಿಯದೆ ಮೊದಲ ದಿನ ಟೊಮ್ಯಾಟೊ ಹಣ್ಣಿಗೆ ಇಷ್ಟೊಂದು ಕ್ಯಾಲೊರಿಯೇ ಎಂದು ನಾನು ಬೆಚ್ಚಿಬಿದ್ದದ್ದುಂಟು. ಕೊಬ್ಬು ಒಂದು ಗ್ರಾಂಗೆ 9 ಕ್ಯಾಲೊರಿ, ಪಿಷ್ಟ ಮತ್ತು ಪ್ರೋಟೀನು 4, ನಾರು ಹೆಚ್ಚೆಂದರೆ 2, ನೀರು ಸೊನ್ನೆ. ಒಂದು ಹಣ್ಣೋ ಕಾಯಿಯೋ ಕಡಿಮೆ ಕ್ಯಾಲೊರಿಯದು ಎಂದರೆ ಅದರ ತೂಕದಲ್ಲಿ ಹೆಚ್ಚಿನದು ನೀರು, ಸ್ವಲ್ಪ ನಾರು ಎಂದೇ ಅರ್ಥ. ಸವತಿಕಾಯಿಯಲ್ಲಿ ನೂರಕ್ಕೆ 95 ಪಾಲು ನೀರಿದೆ. ಹಾಗೆಂದು ಅದನ್ನು ತಿನ್ನುವುದಕ್ಕೂ ಒಂದು ಲೋಟ ನೀರು ಕುಡಿಯುವುದಕ್ಕೂ ವ್ಯತ್ಯಾಸವಿಲ್ಲವೆಂದಲ್ಲ. ಆ ಮಾತಿಗೆ ಮುಂದೆ ಬರುತ್ತೇನೆ.

ನಮ್ಮ ಸಂತೆಯಲ್ಲಿ ಸಿಗುವ ಪದಾರ್ಥಗಳನ್ನೇ ನೋಡೋಣ. ಸೆಲರಿ, ಲೆಟ್ಯೂಸ್ ಎಂದು ಪತ್ರಿಕೆಗಳು ಬರೆಯುವುದನ್ನು ಓದಿ ಹುಡುಕಿಕೊಂಡು ಹೋಗುವ ಅಗತ್ಯವೇನೂ ಇಲ್ಲ. ನೂರು ಗ್ರಾಂಗೆ ಸವತಿಕಾಯಿ 15, ಮೂಲಂಗಿ 16, ಟೊಮ್ಯಾಟೊ 18, ಸೋರೆಕಾಯಿ ಮತ್ತು ಹೀರೇಕಾಯಿ 20ರ ಒಳಗೆ, ರಾಜಗಿರಿ ಮತ್ತು ಪಾಲಕ 23ರ ಸುತ್ತ, ಬದನೆಕಾಯಿ, ಕೋಬಿ, ಹೂಕೋಸು 25ರ ಆಸುಪಾಸು, ಬೆಂಡೆಕಾಯಿ 33, ಉಳ್ಳಾಗಡ್ಡಿ ಮತ್ತು ಗಜ್ಜರಿ 40. ಇದಕ್ಕೆ ಎದುರಾಗಿ ಜೋಳದ ಹಿಟ್ಟನ್ನು ಇಡಿ: ನೂರು ಗ್ರಾಂಗೆ 334. ಶೇಂಗಾ ಬೀಜ 567. ಎಣ್ಣೆ 900. ಐವತ್ತು ಗ್ರಾಂ ಹಿಟ್ಟಿನ ಒಂದು ರೊಟ್ಟಿಯಲ್ಲಿರುವ 167 ಕ್ಯಾಲೊರಿಯನ್ನು ಸವತಿಕಾಯಿಯಿಂದ ಪಡೆಯಬೇಕೆಂದರೆ ಒಂದು ಕಿಲೋ ನೂರು ಗ್ರಾಂ ಸವತಿಕಾಯಿ ತಿನ್ನಬೇಕು. ಆ ರೊಟ್ಟಿಯನ್ನು ಎರಡು ನಿಮಿಷದಲ್ಲಿ ಮುಗಿಸಬಹುದು. ಅಷ್ಟು ಸವತಿಕಾಯಿ ಅಗಿಯಲು ಅರ್ಧ ಗಂಟೆಯಾದರೂ ಬೇಕು, ಅರ್ಧಕ್ಕೇ ದವಡೆ ಸೋಲುತ್ತದೆ.

ಆಲೂಗಡ್ಡೆ 77, ಬೆಳಗಾವಿ ಕಡೆಯ ಗೆಣಸು 86. ಇವು ಕಾಯಿಪಲ್ಲೆಯ ಬುಟ್ಟಿಯಲ್ಲಿ ಬಂದರೂ ಲೆಕ್ಕದಲ್ಲಿ ರೊಟ್ಟಿ-ಅನ್ನದ ಪಂಕ್ತಿಗೆ ಸೇರುತ್ತವೆ. ಕುದಿಸಿ ತಿಂದರೆ ಅಂಥ ಅಪಾಯವೇನಿಲ್ಲ, ಬಜಿ ಮಾಡಿದರೆ ಮಾತ್ರ ಆ ಲೆಕ್ಕ ಬೇರೆ.

ಈ ಪಟ್ಟಿಯನ್ನು ಮನೆಯಲ್ಲಿ ಓದಿ ಹೇಳಿದಾಗ ಅವ್ವ ನಕ್ಕಳು. "ಅದೇನ್ ಹೊಸಾದ್ ಕಂಡಹಿಡದಿ? ನಿಮ್ಮ ಅಜ್ಜ ಹೊಲದಾಗ ರೊಟ್ಟಿಗಿಂತ ಹಕ್ಕರಕೀನ ಹೆಚ್ಚ ತಿಂತಿದ್ದ" ಎಂದಳು. ಮಾತು ನಿಜ. ಹಿಂಗಾರಿ ಜೋಳದ ಹೊಲದಲ್ಲಿ ತಾನಾಗಿಯೇ ಹುಟ್ಟುವ ಹಕ್ಕರಕಿಯನ್ನು ಕಿತ್ತು, ಕೊಡವಿ, ಹಾಗೆಯೇ ರೊಟ್ಟಿಯ ಜೊತೆ ಕಚ್ಚಿಕೊಳ್ಳುವುದು ನಮ್ಮ ಕಡೆ ಯಾರಿಗೂ ಹೊಸದಲ್ಲ. ಎಳೆಯ ಕುಸುಬಿ ಎಲೆ, ಹಸಿ ಮೆಂತ್ಯೆ, ಉಳ್ಳಾಗಡ್ಡಿಯ ತಪ್ಪಲು, ಎಲೆಸಮೇತ ಮೂಲಂಗಿ, ಚಳಿಗಾಲದ ಕೆಂಪು ಗಜ್ಜರಿ ಇವೆಲ್ಲ ತಾಟಿನ ಒಂದು ಬದಿಯನ್ನು ತುಂಬಿಕೊಂಡೇ ಇರುತ್ತಿದ್ದವು. ಸಣ್ಣಗೆ ಹೆಚ್ಚಿ, ಉಪ್ಪು, ಹಸಿಮೆಣಸಿನಕಾಯಿ, ನಿಂಬೆರಸ, ಮೇಲೊಂದಿಷ್ಟು ಶೇಂಗಾ ಪುಡಿ ಹಾಕಿ ಕಲಸಿದರೆ ಅದೇ ಪಚಡಿ. ಅಂಗಡಿಯವರು ಗಾಜಿನ ಬಟ್ಟಲಿನಲ್ಲಿ ಸಲಾಡ್ ಎಂದು ಕೊಡುವುದು ಇದರ ಬಡ ತಮ್ಮ ಎಂದೇ ನನ್ನ ಅಭಿಪ್ರಾಯ. ಹೊಲ ಮಾರಿ ಊರು ಸೇರಿದವರ ತಾಟಿನಲ್ಲಿ ರೊಟ್ಟಿ ಉಳಿಯಿತು, ಎಣಗಾಯಿ ಉಳಿಯಿತು, ಹಿಂಡಿ-ಮೊಸರು ಉಳಿದವು. ಹಸಿ ತಪ್ಪಲು ಮಾತ್ರ ಎರಡು ಹೋಳು ಸವತಿಕಾಯಿಗೆ ಇಳಿಯಿತು. ಅಜ್ಜ ದಿನವಿಡೀ ಕುಂಟೆ ಹೊಡೆಯುತ್ತಿದ್ದ, ನಾನು ದಿನವಿಡೀ ಕುರ್ಚಿಯ ಮೇಲೆ ಕುಳಿತಿರುತ್ತೇನೆ ಎಂಬುದನ್ನೂ ಇದಕ್ಕೆ ಸೇರಿಸಿ ನೋಡಬೇಕು.

ಆದ್ದರಿಂದ ಜೂನ್ ತಿಂಗಳಿನಲ್ಲಿ ಪಚಡಿಯನ್ನು ಮತ್ತೆ ಶುರು ಮಾಡಿದೆವು. ನೂರೈವತ್ತು ಗ್ರಾಂ ಸವತಿಕಾಯಿ, ನೂರು ಗ್ರಾಂ ಟೊಮ್ಯಾಟೊ, ಐವತ್ತು ಗ್ರಾಂ ಮೂಲಂಗಿ, ಐವತ್ತು ಗ್ರಾಂ ಗಜ್ಜರಿ, ಒಂದು ಹಿಡಿ ಉಳ್ಳಾಗಡ್ಡಿ ತಪ್ಪಲು. ಒಟ್ಟು 375 ಗ್ರಾಂ ತೂಗುವ ಈ ತಾಟಿಗೆ 76 ಕ್ಯಾಲೊರಿ, ಅಂದರೆ ಅರ್ಧ ರೊಟ್ಟಿಗಿಂತಲೂ ಕಡಿಮೆ. ಒಂದು ತಿಂಗಳು ಶ್ರದ್ಧೆಯಿಂದ ತಿಂದು ತೂಕದ ಯಂತ್ರದ ಮೇಲೆ ನಿಂತರೆ 700 ಗ್ರಾಂ ಏರಿತ್ತು.

ಯಂತ್ರ ಕೆಟ್ಟಿರಬೇಕೆಂದು ಮನೆಯಾಕೆಯನ್ನೂ ಮಗಳನ್ನೂ ನಿಲ್ಲಿಸಿ ನೋಡಿದೆ. ಯಂತ್ರ ಸರಿಯಾಗಿಯೇ ಇತ್ತು. ಆಗ ವಹಿಯನ್ನು ಹಿಂದಿನಿಂದ ತಿರುವಿ ನೋಡಿದಾಗ ಸೋರಿಕೆ ಸಿಕ್ಕಿತು. ಪಚಡಿ ರುಚಿಯಾಗಿದ್ದದ್ದೇ ತೊಂದರೆಗೆ ಕಾರಣವಾಗಿತ್ತು. ರೊಟ್ಟಿಯೊಂದಿಗೆ ನಂಜಿಕೊಳ್ಳಲು ಅದು ಹೊಂದುವುದರಿಂದ ಎಂದಿನ ಮೂರು ರೊಟ್ಟಿಯ ಬದಲು ಮೂರೂವರೆ, ಕೆಲವು ದಿನ ನಾಲ್ಕು ಒಳಗೆ ಹೋಗಿದ್ದವು. ಪಚಡಿಯ ಮೇಲೆ ಮನೆಯವರು ಉದಾರವಾಗಿ ಉದುರಿಸಿದ ಶೇಂಗಾ ಪುಡಿ, ಒಗ್ಗರಣೆಯ ಎಣ್ಣೆ ಬೇರೆ. ಕಡಿಮೆ ಕ್ಯಾಲೊರಿಯ ಪದಾರ್ಥವೊಂದನ್ನು ನಾನು ಊಟಕ್ಕೆ ಕೂಡಿಸಿದ್ದೆ, ಊಟದಿಂದ ಏನನ್ನೂ ಕಳೆದಿರಲಿಲ್ಲ. ಇಪ್ಪತ್ತಾರು ವರ್ಷ ಲೆಕ್ಕ ಬರೆದವನಿಗೆ ಇಷ್ಟು ಸಣ್ಣ ವಿಷಯ ಹೊಳೆಯಲು ಒಂದು ತಿಂಗಳು ಬೇಕಾಯಿತು.

ಈ ವಿಷಯದಲ್ಲಿ ನನಗೆ ಬಹಳ ಉಪಯೋಗಕ್ಕೆ ಬಂದದ್ದು ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಬಾರ್ಬರಾ ರೋಲ್ಸ್ ಮತ್ತು ಅವರ ಸಂಗಡಿಗರು ಮಾಡಿದ ಎರಡು ಪ್ರಯೋಗಗಳು. 2004ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅವರು ಮಹಿಳೆಯರಿಗೆ ಮುಖ್ಯ ಊಟಕ್ಕೆ ಮೊದಲು ಹಸಿ ತರಕಾರಿಯ ತಾಟನ್ನು ಕೊಟ್ಟು, ಅದನ್ನು ಮುಗಿಸಿದ ನಂತರವೇ ಊಟ ಬಡಿಸಿದರು. ಊಟವನ್ನು ಬೇಕಾದಷ್ಟು ತಿನ್ನುವ ಸ್ವಾತಂತ್ರ್ಯವಿತ್ತು. ಕಡಿಮೆ ಕ್ಯಾಲೊರಿಯ ದೊಡ್ಡ ತಾಟನ್ನು ಮೊದಲು ತಿಂದವರು, ತಾಟಿನ ಕ್ಯಾಲೊರಿಯನ್ನೂ ಸೇರಿಸಿ ಲೆಕ್ಕ ಹಿಡಿದರೂ, ತಾಟಿಲ್ಲದೆ ನೇರವಾಗಿ ಉಂಡ ದಿನಕ್ಕಿಂತ ಒಟ್ಟಾರೆ ನೂರಕ್ಕೆ 12ರಷ್ಟು ಕಡಿಮೆ ತಿಂದರು. ಅದೇ ತರಕಾರಿಗೆ ಚೀಸ್, ಎಣ್ಣೆಯ ಡ್ರೆಸಿಂಗ್ ಸುರಿದು ದೊಡ್ಡ ತಾಟಿನಲ್ಲಿ ಕೊಟ್ಟಾಗ ಒಟ್ಟು ಕ್ಯಾಲೊರಿ ನೂರಕ್ಕೆ 17ರಷ್ಟು ಏರಿತು. ಅದನ್ನು ಓದಿದಾಗ ನಮ್ಮ ಮನೆಯ ಶೇಂಗಾ ಪುಡಿಯ ಡಬ್ಬಿ ಕಣ್ಮುಂದೆ ಬಂತು. 1999ರ ಇನ್ನೊಂದು ಪ್ರಯೋಗದಲ್ಲಿ ಒಂದೇ ಖಾದ್ಯವನ್ನು ಒಮ್ಮೆ ನೀರು ಬೆರೆಸಿ ಸೂಪಾಗಿ ಕೊಟ್ಟರು, ಇನ್ನೊಮ್ಮೆ ಅದೇ ನೀರನ್ನು ಪಕ್ಕದಲ್ಲಿ ಲೋಟದಲ್ಲಿಟ್ಟರು. ಸೂಪು ಕುಡಿದವರು ಆಮೇಲೆ ಕಡಿಮೆ ಉಂಡರು. ನೀರನ್ನು ಬೇರೆಯಾಗಿ ಕುಡಿದಾಗ ಆ ಪರಿಣಾಮವಾಗಲಿಲ್ಲ. ಆಹಾರದೊಳಗೆ ಸೇರಿಕೊಂಡ ನೀರು ಹೊಟ್ಟೆಯನ್ನು ಹೆಚ್ಚು ಹೊತ್ತು ತುಂಬಿಸಿಡುತ್ತದೆ. ಸವತಿಕಾಯಿಗೂ ಒಂದು ಲೋಟ ನೀರಿಗೂ ಇರುವ ವ್ಯತ್ಯಾಸವೆಂದು ನಾನು ಮೊದಲು ಹೇಳಿದ್ದು ಇದನ್ನೇ.

ಅಂದಿನಿಂದ ನಮ್ಮ ಮನೆಯಲ್ಲಿ ಬಡಿಸುವ ಕ್ರಮ ಬದಲಾಯಿತು. ಮೊದಲು ಪಚಡಿಯ ತಾಟು ಮಾತ್ರ ಬರುತ್ತದೆ. ಅದು ಖಾಲಿಯಾಗಿ ಹತ್ತು ನಿಮಿಷವಾದ ನಂತರ ರೊಟ್ಟಿ, ಅದೂ ಮೂರರ ಬದಲು ಎರಡು. ಶೇಂಗಾ ಪುಡಿ ಒಂದು ಸಣ್ಣ ಚಮಚ, ಅಂದರೆ 5 ಗ್ರಾಂ, 28 ಕ್ಯಾಲೊರಿ. ಇದನ್ನು ಪೂರ್ತಿ ಬಿಡಬಾರದು ಎಂದು ತಿಳಿದೇ ಇಟ್ಟುಕೊಂಡಿದ್ದೇನೆ, ಏಕೆಂದರೆ ಗಜ್ಜರಿಯಲ್ಲಿಯೂ ಹಸಿರು ತಪ್ಪಲಿನಲ್ಲಿಯೂ ಇರುವ, ಎ ಜೀವಸತ್ವವಾಗಿ ಬದಲಾಗುವ ಕ್ಯಾರೊಟಿನ್ ದೇಹಕ್ಕೆ ಸರಿಯಾಗಿ ಹತ್ತಬೇಕಾದರೆ ಜೊತೆಗೆ ಸ್ವಲ್ಪ ಕೊಬ್ಬಿನಂಶ ಬೇಕು. ಹಿಂದಿನವರಿಗೆ ಕ್ಯಾರೊಟಿನ್ ಎಂಬ ಹೆಸರು ಗೊತ್ತಿರಲಿಲ್ಲ, ಕೈಯಳತೆ ಗೊತ್ತಿತ್ತು.

ಎರಡನೆಯ ಸೋರಿಕೆ ಸಿಕ್ಕಿದ್ದು ಎಣಗಾಯಿಯಲ್ಲಿ. ಬದನೆಕಾಯಿ ಕಡಿಮೆ ಕ್ಯಾಲೊರಿಯ ಕಾಯಿ ಎಂದು ನಂಬಿ ನಾನು ವಹಿಯಲ್ಲಿ ಎಣಗಾಯಿಯ ಎದುರು 25 ಎಂದು ಬರೆಯುತ್ತಿದ್ದೆ. ಒಂದು ರವಿವಾರ ಮನೆಯಾಕೆಯ ಪಕ್ಕದಲ್ಲಿ ತಕ್ಕಡಿ ಇಟ್ಟುಕೊಂಡು ಕುಳಿತೆ. ಅವಳಿಗೆ ಅದು ಅಷ್ಟೇನೂ ಹಿಡಿಸಲಿಲ್ಲ. ಕಾಲು ಕಿಲೋ ಬದನೆಕಾಯಿಗೆ 62 ಕ್ಯಾಲೊರಿ. ಅದರ ಹೊಟ್ಟೆಗೆ ತುಂಬುವ ಮಸಾಲೆಯಲ್ಲಿ ಐವತ್ತು ಗ್ರಾಂ ಹುರಿದ ಶೇಂಗಾ, 283. ಒಂದು ಸಣ್ಣ ತುಂಡು ಬೆಲ್ಲ, 38. ಬಾಣಲೆಗೆ ಮೂರು ದೊಡ್ಡ ಚಮಚ ಎಣ್ಣೆ, 360. ಎಳ್ಳು, ಕೊಬ್ಬರಿಯನ್ನು ಬಿಟ್ಟರೂ ಒಟ್ಟು 743. ಇದರಲ್ಲಿ ಬದನೆಕಾಯಿಯ ಪಾಲು ಹತ್ತನೆಯ ಒಂದು ಭಾಗವೂ ಇಲ್ಲ. ನಾಲ್ವರಲ್ಲಿ ಹಂಚಿದರೆ ತಲೆಗೆ 185 ಬೀಳುತ್ತದೆ, ಒಂದು ರೊಟ್ಟಿಗಿಂತ ಹೆಚ್ಚು. "ಹಂಗಾದ್ರ ಇನ್ನ ನೀರಾಗ ಕುದಿಸಿ ಹಾಕ್ಲೇನ್ರಿ?" ಎಂದು ಅವಳು ಕೇಳಿದ ಧಾಟಿಗೆ ನಾನು ಉತ್ತರ ಕೊಡಲಿಲ್ಲ. ಎಣಗಾಯಿಯನ್ನು ಬಿಡುವ ಪ್ರಶ್ನೆಯೇ ನಮ್ಮ ಮನೆಯಲ್ಲಿ ಬರಲಾರದು. ಆದರೆ ತಿಂಗಳಿಗೆ ನಾಲ್ವರಿಗೆ ಐದು ಲೀಟರ್ ಎಣ್ಣೆ ಖರ್ಚಾಗುತ್ತಿದ್ದುದನ್ನು ಇಬ್ಬರೂ ಕೂಡಿ ನೋಡಿದೆವು. ತಲೆಗೆ ದಿನಕ್ಕೆ 38 ಗ್ರಾಂ ಆಗುತ್ತಿತ್ತು. ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ 2000 ಕ್ಯಾಲೊರಿಯ ಊಟಕ್ಕೆ ಎಣ್ಣೆ-ತುಪ್ಪ 27 ಗ್ರಾಂ, ಕಾಯಿಪಲ್ಲೆ 400 ಗ್ರಾಂ, ಹಣ್ಣು 100 ಗ್ರಾಂ ಎಂದಿದೆ. ಮೂರು ತಿಂಗಳಲ್ಲಿ ಮೆಲ್ಲಗೆ ಮೂರೂವರೆ ಲೀಟರಿಗೆ ಇಳಿಸಿದೆವು. ಲೆಕ್ಕ ಹೆಚ್ಚುಕಡಿಮೆ 27 ಗ್ರಾಂಗೆ ಬಂದು ನಿಂತಿತು. ಹೀರೇಕಾಯಿ, ಸೋರೆಕಾಯಿ, ಚವಳಿಕಾಯಿಗಳನ್ನು ಒಗ್ಗರಣೆಯ ನಂತರ ಮುಚ್ಚಿಟ್ಟು ಅದರದೇ ನೀರಿನಲ್ಲಿ ಬೇಯಿಸಿದರೆ ರುಚಿಯೇನೂ ಕೆಡುವುದಿಲ್ಲ ಎಂಬುದು ಮನೆಯಾಕೆ ಕಂಡುಕೊಂಡ ವಿಷಯ. ಪುಂಡಿಪಲ್ಲೆಗೆ ಮಾತ್ರ ಎಣ್ಣೆ ಕಡಿಮೆ ಮಾಡಲು ಅವ್ವ ಇವತ್ತಿಗೂ ಒಪ್ಪಿಲ್ಲ.

ಬೆಳಗಿನ ನಡಿಗೆಯಲ್ಲಿ ಸಿಗುವ ಗೆಳೆಯರಲ್ಲಿ ಎರಡು ನಂಬಿಕೆಗಳು ಓಡಾಡುತ್ತಿವೆ. ಸವತಿಕಾಯಿಯಂಥವು ಜೀರ್ಣವಾಗಲು ತಮ್ಮಲ್ಲಿರುವುದಕ್ಕಿಂತ ಹೆಚ್ಚು ಕ್ಯಾಲೊರಿಯನ್ನು ಸುಡುತ್ತವೆ, ಆದ್ದರಿಂದ ಎಷ್ಟು ತಿಂದರೆ ಅಷ್ಟು ತೂಕ ಇಳಿಯುತ್ತದೆ ಎಂಬುದು ಮೊದಲನೆಯದು. ಪಿಷ್ಟದ ಆಹಾರವನ್ನು ಜೀರ್ಣಿಸಲು ದೇಹ ಖರ್ಚು ಮಾಡುವುದು ಅದರ ಶಕ್ತಿಯ ನೂರಕ್ಕೆ 5ರಿಂದ 10 ಪಾಲು ಮಾತ್ರ. 15 ಕ್ಯಾಲೊರಿಯ ಸವತಿಕಾಯಿಗೆ ಒಂದೋ ಒಂದೂವರೆಯೋ ಕ್ಯಾಲೊರಿ ಹೋದೀತು. ಉಳಿದದ್ದು ಜಮಾ ಬದಿಗೇ ಬರುತ್ತದೆ. ಎರಡನೆಯದು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹಸಿ ಸೋರೆಕಾಯಿಯ ರಸ ಕುಡಿಯುವುದು. ಇದರ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಕೆಲವು ಸೋರೆಕಾಯಿಗಳಲ್ಲಿ ಕುಕರ್ಬಿಟಾಸಿನ್ ಎಂಬ ವಿಷಕಾರಿ ಅಂಶ ಹೆಚ್ಚಾಗಿ, ಕಾಯಿ ಕಹಿಯಾಗಿರುತ್ತದೆ. ಅಂಥ ರಸ ಕುಡಿದವರು ರಕ್ತ ವಾಂತಿ ಮಾಡಿಕೊಂಡು ಆಸ್ಪತ್ರೆ ಸೇರಿದ್ದಾರೆ, ನಮ್ಮ ದೇಶದಲ್ಲಿ ಸಾವುಗಳೂ ಸಂಭವಿಸಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಈ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಸೋರೆಕಾಯಿ, ಸವತಿಕಾಯಿ, ಹೀರೇಕಾಯಿ ಯಾವುದೇ ಇರಲಿ, ಒಂದು ಸಣ್ಣ ತುಂಡನ್ನು ನಾಲಗೆಗೆ ಮುಟ್ಟಿಸಿ ನೋಡಬೇಕು. ಕಹಿಯಿದ್ದರೆ ಉಗುಳಿ, ಕಾಯಿಯನ್ನು ಎಸೆಯಬೇಕು. ಬೇಯಿಸಿದರೆ ಆ ಕಹಿ ಹೋಗುವುದಿಲ್ಲ.

ಇನ್ನು ಹಣ್ಣುಗಳು. ಕಲ್ಲಂಗಡಿ ನೂರು ಗ್ರಾಂಗೆ 30, ಕರಬೂಜ 34, ಪಪ್ಪಾಯಿ ಮತ್ತು ಮೋಸಂಬಿ 43, ಸೇಬು 52, ಪೇರಲ 68, ದ್ರಾಕ್ಷಿ 69, ದಾಳಿಂಬೆ ಮತ್ತು ಚಿಕ್ಕು 83, ಬಾಳೆ 89. ಅಂಕಿಗಳನ್ನು ಮಾತ್ರ ನೋಡಿ ಹೇಳುವುದಾದರೆ ಕಲ್ಲಂಗಡಿ ಗೆಲ್ಲುತ್ತದೆ, ಪೇರಲ ಸೋಲುತ್ತದೆ. ಆದರೆ ನೂರು ಗ್ರಾಂ ಪೇರಲದಲ್ಲಿ 5 ಗ್ರಾಂ ನಾರಿದೆ, ಒಂದನ್ನು ಅಗಿದು ತಿಂದರೆ ಸಂಜೆಯ ಮಿರ್ಚಿ ಬಜಿಯ ಆಸೆ ಒಂದು ಗಂಟೆಯಾದರೂ ಹಿಂದೆ ಸರಿಯುತ್ತದೆ. ಕಲ್ಲಂಗಡಿಯಲ್ಲಿ ನಾರು ಇಲ್ಲವೆನ್ನುವಷ್ಟು ಕಡಿಮೆ. ಬಿಸಿಲಿನಿಂದ ಬಂದವನು ಕುಳಿತಲ್ಲಿಯೇ ಒಂದು ಕಿಲೋ ಮುಗಿಸಿ 300 ಕ್ಯಾಲೊರಿ ಸೇರಿಸಿಕೊಳ್ಳಬಲ್ಲ. ನನ್ನ ಅನುಭವದಲ್ಲಿ ತೂಕ ಇಳಿಸುವವರಿಗೆ ಪೇರಲವೇ ಉತ್ತಮ ಸಂಗಾತಿ.

ದ್ರಾಕ್ಷಿಯ ಬಗ್ಗೆ ಈ ಜಿಲ್ಲೆಯವನಾಗಿ ಎರಡು ಮಾತು ಹೆಚ್ಚಾಗಿ ಬರೆಯಬೇಕು. ತಿಕೋಟಾ, ಬಬಲೇಶ್ವರದ ಕಡೆ ಈಗ ಮಾರ್ಚ್ ತಿಂಗಳಿನಲ್ಲಿ ಹೋದರೆ ಶೆಡ್ಡುಗಳಲ್ಲಿ ಸಾಲುಸಾಲಾಗಿ ಜಾಳಿಗೆಯ ಮೇಲೆ ದ್ರಾಕ್ಷಿ ಒಣಗುತ್ತಿರುವುದನ್ನು ಕಾಣಬಹುದು. ಸುಮಾರು ನಾಲ್ಕು ಕಿಲೋ ಹಸಿದ್ರಾಕ್ಷಿಯಿಂದ ಒಂದು ಕಿಲೋ ಒಣದ್ರಾಕ್ಷಿ ಬರುತ್ತದೆ. ನಾಲ್ಕು ಕಿಲೋದಲ್ಲಿದ್ದ 2760 ಕ್ಯಾಲೊರಿ ಎಲ್ಲಿಯೂ ಹೋಗುವುದಿಲ್ಲ, ನೀರು ಮಾತ್ರ ಹೋಗುತ್ತದೆ. ಒಣದ್ರಾಕ್ಷಿಗೆ ಕಿಲೋಗೆ ಸುಮಾರು 2990 ಎಂದು ಕೋಷ್ಟಕಗಳು ಕೊಡುವ ಅಂಕಿಯೂ ಈ ಲೆಕ್ಕಕ್ಕೆ ಹತ್ತಿರವೇ ಇದೆ. ಕಾಲು ಕಿಲೋ ಹಸಿದ್ರಾಕ್ಷಿ ತಿಂದರೆ ಹೊಟ್ಟೆ ಸಾಕೆನ್ನುತ್ತದೆ, 170 ಕ್ಯಾಲೊರಿ ಆಗಿರುತ್ತದೆ. ವ್ಯಾಪಾರಿಯ ಗಾದಿಯ ಮೇಲೆ ಮಾತಾಡುತ್ತ ಮಾಲಿನ ಮಾದರಿ ನೋಡುವ ನೆಪದಲ್ಲಿ ನಾನು ಬಾಯಿಗೆ ಹಾಕಿಕೊಳ್ಳುತ್ತಿದ್ದ ಎರಡು ಹಿಡಿ ಒಣದ್ರಾಕ್ಷಿಯಲ್ಲಿಯೂ ಅಷ್ಟೇ ಇತ್ತು, ಅದು ತಿಂದದ್ದರ ಲೆಕ್ಕಕ್ಕೇ ಬರುತ್ತಿರಲಿಲ್ಲ. ನೀರು ತುಂಬಿದ ಆಹಾರಕ್ಕೂ ನೀರು ಕಳೆದುಕೊಂಡ ಆಹಾರಕ್ಕೂ ಇರುವ ಅಂತರವನ್ನು ತೋರಿಸಲು ನಮ್ಮೂರಿನ ಈ ಮಾಲಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ನಿಂಬೆಯ ಮಾತೂ ಹಾಗೆಯೇ. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ನಮ್ಮ ಜಿಲ್ಲೆಯ ಇಂಡಿ ಊರಿನ ನಿಂಬೆ ಮನೆಯಲ್ಲಿ ಸದಾ ಇರುತ್ತದೆ, ಒಂದು ಹಣ್ಣಿನ ರಸದಲ್ಲಿ ಹತ್ತು ಕ್ಯಾಲೊರಿಯೂ ಇರುವುದಿಲ್ಲ. ಶರಬತ್ತಿಗೆ ಹಾಕುವ ನಾಲ್ಕು ಚಮಚ ಸಕ್ಕರೆಯಲ್ಲಿ 80 ಇರುತ್ತದೆ. ಮೋಸಂಬಿಯನ್ನು ತೊಳೆ ಬಿಡಿಸಿ ತಿಂದರೆ ಒಂದಕ್ಕೆ ತೃಪ್ತಿಯಾಗುತ್ತದೆ, ರಸ ತೆಗೆದರೆ ಮೂರು ನಾಲ್ಕು ಹಣ್ಣು ಒಂದೇ ಲೋಟದಲ್ಲಿ ಇಳಿದುಹೋಗುತ್ತವೆ, ನಾರು ಜರಡಿಯಲ್ಲಿ ಉಳಿಯುತ್ತದೆ.

ಇದೆಲ್ಲ ಎಲ್ಲರಿಗೂ ಒಂದೇ ರೀತಿ ಹೊಂದುತ್ತದೆ ಎಂದು ತಿಳಿಯಬಾರದು. ಮೂತ್ರಪಿಂಡದ ತೊಂದರೆ ಇರುವವರಿಗೆ ಟೊಮ್ಯಾಟೊ, ತಪ್ಪಲು ಪಲ್ಲೆ, ಹಣ್ಣುಗಳಲ್ಲಿರುವ ಪೊಟ್ಯಾಸಿಯಂ ಅಪಾಯ ತರಬಹುದು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಹಸಿರು ತಪ್ಪಲಿನ ಪ್ರಮಾಣವನ್ನು ಏಕಾಏಕಿ ಏರಿಸಿದರೆ ಅದರಲ್ಲಿರುವ ಕೆ ಜೀವಸತ್ವದಿಂದ ಮಾತ್ರೆಯ ಪ್ರಭಾವ ತಗ್ಗುತ್ತದೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ರೊಟ್ಟಿ ಕಡಿಮೆ ಮಾಡುವ ಮೊದಲು ವೈದ್ಯರನ್ನು ಕೇಳಲೇಬೇಕು, ಇಲ್ಲವಾದರೆ ರಕ್ತದ ಸಕ್ಕರೆ ಒಮ್ಮೆಲೇ ಕುಸಿಯಬಹುದು. ಹಸಿಯಾಗಿ ತಿನ್ನುವ ತಪ್ಪಲನ್ನು ನಾಲ್ಕೈದು ಸಲ ತೊಳೆಯುವುದನ್ನು ಮರೆಯಬಾರದು. ಅಜ್ಜನ ಹೊಲಕ್ಕೆ ಯಾರೂ ಔಷಧಿ ಸಿಂಪಡಿಸುತ್ತಿರಲಿಲ್ಲ. ಮತ್ತೆ ಬೇಳೆ, ಕಾಳು, ಮೊಸರು, ಇವನ್ನು ಕಡಿಮೆ ಮಾಡಬೇಡಿ. ನಾನು ಆ ಎಂಟು ದಿನ ಬಿಟ್ಟು ಕಲಿತದ್ದು ಸಾಕು.

ಈಗ ಒಂಬತ್ತು ತಿಂಗಳ ತಾಳೆಪಟ್ಟಿ. ತೂಕ 86ರಿಂದ 78ಕ್ಕೆ, ಸೊಂಟ 104ರಿಂದ 96ಕ್ಕೆ ಇಳಿದಿದೆ. ಸೂಚ್ಯಂಕ 27.6, ಅಂದರೆ ಇನ್ನೂ ಬೊಜ್ಜಿನ ಖಾತೆಯಲ್ಲಿಯೇ ಇದ್ದೇನೆ. 25ಕ್ಕೆ ಬರಬೇಕಾದರೆ ಇನ್ನೂ ಏಳೂವರೆ ಕಿಲೋ ಇಳಿಯಬೇಕು. ಒಂದು ಕಿಲೋ ದೇಹದ ಕೊಬ್ಬಿಗೆ ಸುಮಾರು 7700 ಕ್ಯಾಲೊರಿ ಎಂದು ಹಿಡಿದರೆ, ಎಂಟು ಕಿಲೋಗೆ 61,600. 270 ದಿನಕ್ಕೆ ಹಂಚಿದರೆ ದಿನಕ್ಕೆ 228. ಹತ್ತೋ ಇಪ್ಪತ್ತೋ ಸಾವಿರ ರೂಪಾಯಿ ಕೊಟ್ಟು ತೂಕ ಇಳಿಸುವ ಪುಡಿ ಕೊಂಡು ಕುಡಿಯುವವರು ಈ ಅಂಕಿಯನ್ನು ಒಮ್ಮೆ ನೋಡಬೇಕು. ನನ್ನ ಕಳೆಯುವ ಲೆಕ್ಕ ಹೀಗಿದೆ: ಒಂದು ರೊಟ್ಟಿ ಕಡಿಮೆಯಾದದ್ದಕ್ಕೆ 167, ಎಣ್ಣೆಗೆ 100, ದಿನದ ನಾಲ್ಕು ಕಪ್ ಚಹಾದಲ್ಲಿ ತಲಾ ಎರಡು ಚಮಚ ಸಕ್ಕರೆ ಇದ್ದದ್ದು ಒಂದಾದದ್ದಕ್ಕೆ 80, ಒಟ್ಟು 347. ಇದರಲ್ಲಿ ಹೊಸದಾಗಿ ಸೇರಿದ ಪಚಡಿಯ 76 ಕಳೆದರೆ 271 ಉಳಿಯಬೇಕು. ಉಳಿದದ್ದು 228. ತಾಳೆಯಾಗದ 43 ಕ್ಯಾಲೊರಿ ಎಲ್ಲಿ ಹೋಯಿತು ಎಂದು ಹುಡುಕಿದ್ದೇನೆ. ದೇಹ ಹಗುರಾದಂತೆ ಅದು ಸುಡುವ ಶಕ್ತಿಯೂ ಕಡಿಮೆಯಾಗುತ್ತದೆ, ಅದು ಒಂದು ಪಾಲು. ಉಳಿದದ್ದರಲ್ಲಿ ಮೂರು ಮದುವೆಗಳಿವೆ, ಗೋಕಾಕಿಗೆ ಹೋಗಿ ಬಂದವರು ತಂದುಕೊಟ್ಟ ಕರದಂಟಿದೆ, ಭೋಗಿಯ ದಿನದ ಸಜ್ಜೆ ರೊಟ್ಟಿ, ಬದನೆಕಾಯಿ ಭರ್ತ, ಬೆಣ್ಣೆ ಇವೆ, ಸಿದ್ಧೇಶ್ವರ ಜಾತ್ರೆಯಲ್ಲಿ ಎರಡು ದಿನ ತಿಂದ ಬಜಿಯಿದೆ. ಆ ದಿನಗಳಲ್ಲಿ ವಹಿ ತೆರೆದಿಲ್ಲ, ತೆರೆಯುವ ಉದ್ದೇಶವೂ ಇಲ್ಲ.

ಬಿಸಿಲು ಏರುತ್ತಿದೆ. ಹಕ್ಕರಕಿಯ ಕಾಲ ಮುಗಿಯಿತು, ಮೆಂತ್ಯೆಯ ಸೂಡು ದಿನದಿಂದ ದಿನಕ್ಕೆ ಸಣ್ಣದಾಗುತ್ತ, ಬೆಲೆ ಏರುತ್ತ ಹೊರಟಿದೆ, ಮೂಲಂಗಿಗೆ ಖಾರ ಬಂದಿದೆ. ಮೇ ತಿಂಗಳವರೆಗೆ ಪಚಡಿಯಲ್ಲಿ ಸವತಿಕಾಯಿ, ಕೋಬಿ, ಉಳ್ಳಾಗಡ್ಡಿಯೇ ಗತಿ. ವರ್ಷದ ಲೆಕ್ಕ ಮುಗಿಸಿಕೊಟ್ಟ ಸಂತೋಷಕ್ಕೆ ವ್ಯಾಪಾರಿಯೊಬ್ಬರು ನಿನ್ನೆ ಹೊಸ ಮಾಲಿನ ಅರ್ಧ ಕಿಲೋ ಒಣದ್ರಾಕ್ಷಿ ಕಳುಹಿಸಿದ್ದಾರೆ. ಪೊಟ್ಟಣ ಇದನ್ನು ಬರೆಯುತ್ತಿರುವ ಮೇಜಿನ ಮೇಲೆಯೇ ಇದೆ, 1500 ಕ್ಯಾಲೊರಿ. ನಾಳೆ ಬಸ್ಸಿಗೆ ಕೊಟ್ಟು ತಂಗಿಯ ಮನೆಗೆ ಕಳುಹಿಸುವುದಾಗಿ ಮನೆಯಾಕೆ ಹೇಳಿದ್ದಾಳೆ. ಪೊಟ್ಟಣದ ಬಾಯಿ ಮಾತ್ರ ಈಗಾಗಲೇ ಸ್ವಲ್ಪ ತೆರೆದಿದೆ.